ಸುಮಾರು ಎಂಬ ಒಂದೇ ಮಾತು

ಮನೆ, ಕಿಟಕಿಯ ಪಕ್ಕದ ಮೇಜು
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಎಂಜಿನ್ ಕೋಣೆಯ ಕಬ್ಬಿಣದ ಏಣಿ ಹತ್ತಿ ಇಳಿಯುವಾಗ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲ ಅದು ನಾನು ಮಡಚಿಟ್ಟ ಹಾಗೆಯೇ ಪೆಟ್ಟಿಗೆಯ ತಳದಲ್ಲಿ ನಿದ್ದೆ ಮಾಡುತ್ತಿದೆಯೋ? ಹಡಗಿನ ಹೊಸ ಅಡುಗೆಯವನು ಉಪ್ಪು ಹಾಕುವುದನ್ನು ಕಲಿತನೇ? ನಾವಿಲ್ಲಿ ಆರೋಗ್ಯವಾಗಿದ್ದೇವೆ. ನಿಮ್ಮ ಮಗಳು ಗುಬ್ಬಿಗೆ ನೆಗಡಿ ಬಂದು ಹೋಯಿತು. ಶಾಲೆ ತಪ್ಪಿದ ಖುಷಿಯಲ್ಲಿ ಮೂಗು ಸೋರಿದ್ದನ್ನೂ ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ ಎಂದಿನಂತೆ ನಡೆಯುತ್ತಿದೆ. ಮುಂದಿನ ಬಂದರಿನಲ್ಲಿ ಹಡಗಿನ ಏಜೆಂಟರು ಈ ಕಾಗದವನ್ನು ನಿಮ್ಮ ಕೈಗೆ ಕೊಡುತ್ತಾರಂತೆ. ಕೂತು ಓದಿ. ನಿಂತು ಓದುವಷ್ಟು ಚಿಕ್ಕದಲ್ಲ.

ಹೋದ ತಿಂಗಳು ನೀವು ಫೋನ್ ಮಾಡಿ, ಅಮ್ಮ ಹೇಗಿದ್ದಾಳೆ ಎಂದು ಕೇಳಿದಿರಿ. ನಾನು "ಸುಮಾರು" ಅನ್ನುವಷ್ಟರಲ್ಲಿ ಲೈನು ಕಡಿದುಹೋಯಿತು. ಆಮೇಲೆ ನಿಮ್ಮ ಹಡಗು ನಡುಗಡಲಿಗೆ ಹೋಯಿತು, ಎಷ್ಟು ಸಲ ಪ್ರಯತ್ನಿಸಿದರೂ ಸಿಗಲಿಲ್ಲ. ಅಮ್ಮ ಚೆನ್ನಾಗಿದ್ದಾರೆ, ವಿವರ ಕಾಗದದಲ್ಲಿ ಎಂದು ಏಜೆಂಟರ ಮೂಲಕ ಸುದ್ದಿ ಕಳಿಸಿದ್ದೆ, ತಲುಪಿರಬೇಕು. ಪಾಪ, ಅಲ್ಲಿಯವರೆಗೆ ನೀವು ಆ ಒಂದು ಮಾತನ್ನು ಹಿಡಿದುಕೊಂಡು ಎಷ್ಟು ತಲೆ ಕೆಡಿಸಿಕೊಂಡಿರೋ. ಸುಮಾರು ಅಂದರೆ ಮೊದಲಿಗಿಂತ ವಾಸಿಯೋ, ಮೊದಲಿಗಿಂತ ಕಡಿಮೆಯೋ, ನಾನೇನಾದರೂ ಮುಚ್ಚಿಡುತ್ತಿದ್ದೇನೋ ಎಂದು. ನಾನು ಹೇಳಹೊರಟಿದ್ದು ಅವರ ಆರೋಗ್ಯದ ವಿಚಾರವೇ ಅಲ್ಲ. "ಸುಮಾರು ಅಂತ ಮಾತಾಡ್ತಾ ಇದಾರೆ ಕಣ್ರೀ" ಅನ್ನುವುದು ನನ್ನ ವಾಕ್ಯ. ಅದರ ಮೊದಲ ತುಂಡು ಮಾತ್ರ ನಿಮಗೆ ಸಿಕ್ಕಿತು. ಉಳಿದದ್ದನ್ನು ಈಗ ಬರೆಯುತ್ತೇನೆ.

ನೀವು ಹೊರಟ ದಿನ ಅತ್ತೆ ಹೇಗಿದ್ದರು ಎನ್ನುವುದು ನಿಮಗೆ ಗೊತ್ತು. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಎರಡೂ ಅವರದಲ್ಲದ ಹಾಗಿದ್ದವು. ಬಾಯಿ ತೆರೆದರೆ ಬರೀ ಗಾಳಿ. ಮಾತಿನ ಚಿಕಿತ್ಸೆ ಕೊಡಲು ಪುನಶ್ಚೇತನ ಕೇಂದ್ರದಿಂದ ಬರುವ ಹುಡುಗಿಯನ್ನು ನೀವೂ ನೋಡಿದ್ದೀರಿ, ಹೆಗಲಿಗೆ ದೊಡ್ಡ ನೀಲಿ ಚೀಲ ಹಾಕಿಕೊಂಡು ಬರುತ್ತಿದ್ದಳಲ್ಲ, ಅವಳೇ. ಗುಬ್ಬಿ ಅವಳಿಗೆ ಮಾತಿನ ಟೀಚರ್ ಎಂದು ಹೆಸರಿಟ್ಟಿದ್ದಾಳೆ. ಈಗ ನಾವೆಲ್ಲ ಹಾಗೇ ಕರೆಯುವುದು. ಟೀಚರ್ ಚಿತ್ರ ತೋರಿಸುವುದು, ಬಾಯಿ ಅಗಲಿಸಿ ಆ, ಊ ಅನ್ನುವುದು, ಅತ್ತೆ ಮುಖ ಆ ಕಡೆ ತಿರುಗಿಸಿಕೊಳ್ಳುವುದು, ಹೀಗೇ ನಡೆದಿತ್ತು. ಒಂದು ಬೆಳಿಗ್ಗೆ ನಾನು ಆಲೂಗಡ್ಡೆ ಸೂಪ್ ಕುಡಿಸುತ್ತಿದ್ದೆ. ಎರಡು ಚಮಚ ನುಂಗಿದರು. ಮೂರನೆಯದು ಬಾಯಿಯ ಹತ್ತಿರ ಹೋದಾಗ ನನ್ನ ಮುಖವನ್ನೇ ನೋಡಿ, ಒಂದಕ್ಷರವೂ ತೊದಲದೆ "ಸುಮಾರು" ಅಂದರು. ಚಮಚ ನನ್ನ ಕೈಯಿಂದ ಜಾರಿ ಅವರ ಮಡಿಲಿಗೆ ಬಿತ್ತು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಕೊನೆಗೆ ಎರಡನ್ನೂ ಮಾಡಿದೆ. ಯೋಚಿಸಿ ನೋಡಿ, ಸಾವಿರಗಟ್ಟಲೆ ಮಾತು ಆಡಿದ ಬಾಯಿ. ನಿಮ್ಮ ಹೆಸರಿದೆ, ಮೊಮ್ಮಗಳ ಹೆಸರಿದೆ, ನೀರು, ನೋವು, ಅಯ್ಯೋ, ಏನೆಲ್ಲ ಇದೆ. ಅದೆಲ್ಲ ಬಿಟ್ಟು ಮರಳಿ ಬಂದದ್ದು ಯಾವುದು? ಮದುವೆಯಾಗಿ ಬಂದಾಗಿನಿಂದ ನನ್ನ ಅಡುಗೆಗೆ ಕೊಡುತ್ತಾ ಬಂದ ಮಾರ್ಕು.

ಅದನ್ನು ಮೊದಲ ಸಲ ಕೇಳಿದಾಗ ನಾನು ಮುಖ ಊದಿಸಿಕೊಂಡದ್ದು ನಿಮಗೆ ನೆನಪಿರಬೇಕು. ನೀವು ನಗುತ್ತಾ, ಅಮ್ಮನ ಹತ್ತಿರ ಅದಕ್ಕಿಂತ ಮೇಲಿನ ಮಾರ್ಕು ಯಾರಿಗೂ ಬಂದಿಲ್ಲ ಅಂದಿರಿ. ನನಗೆ ಸಮಾಧಾನವಾಗಲಿಲ್ಲ, ಮರುದಿನ ಹೋಗಿ ಅವರನ್ನೇ ಕೇಳಿದೆ. ಆಗ ಅವರಿನ್ನೂ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಸುಟ್ಟು ಹೊರಬಂದ ಕಪ್‌ಗಳನ್ನು ಒಂದೊಂದಾಗಿ ಎತ್ತಿ, ಮರದ ಕಡ್ಡಿಯಿಂದ ಟಣ್ ಅನ್ನಿಸಿ, ಮೂರು ಬುಟ್ಟಿಗೆ ಬೇರೆ ಮಾಡುವುದು ಅವರ ಕೆಲಸ. ಮಧ್ಯದ ಬುಟ್ಟಿಯದನ್ನು ಕೆಲಸಗಾರರು ಮನೆಗೆ ಒಯ್ಯಬಹುದಿತ್ತು. ನಮ್ಮ ಕಪಾಟಿನ ತುಂಬ ಇರುವುದು ಅವೇ ತಾನೆ, ಹಿಡಿ ಸ್ವಲ್ಪ ವಾಲಿದ್ದು, ಮೆರುಗಿನಲ್ಲಿ ಸಾಸಿವೆಯಷ್ಟು ಕಲೆ ಇದ್ದದ್ದು. ಅತ್ತೆ ಅಂಥದ್ದೊಂದನ್ನು ಬೆಳಕಿಗೆ ಹಿಡಿದು ತೋರಿಸಿ ನನಗೆ ಹೇಳಿದರು. "ಮೊದಲನೇ ಬುಟ್ಟೀದು ಅಂಗಡಿ ಶೋಕೇಸಿಗೆ ಹೋಗುತ್ತೆ. ಬಿರುಕು ಬಿಟ್ಟಿದ್ದು ಕಸಕ್ಕೆ ಹೋಗುತ್ತೆ. ಮನೇಲಿ ಜನ ಕಾಫಿ ಕುಡಿಯೋದೆಲ್ಲ ಸುಮಾರಿನಲ್ಲೇ ಹುಡುಗಿ." ಅವತ್ತೇ ನನಗೆ ಆ ಮಾತಿನ ಮೇಲಿದ್ದ ಕೋಪ ಹೋಯಿತು. ಕುತೂಹಲ ಮಾತ್ರ ಉಳಿಯಿತು. ಅದು ಈಗ ಇಷ್ಟು ಕೆಲಸಕ್ಕೆ ಬರುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಮೊದಲ ಎರಡು ದಿನ ನಮಗೆ ಹಬ್ಬವೇ ಹಬ್ಬ. ಮೂರನೆಯ ದಿನ ಗೊತ್ತಾಯಿತು, ಇರುವುದು ಅದೊಂದೇ ಮಾತು ಎಂದು. ಹಸಿವಾಯಿತಾ ಅಂದರೆ ಸುಮಾರು. ಕಾಲು ನೋಯುತ್ತಾ ಅಂದರೆ ಸುಮಾರು. ಗುಬ್ಬಿಯನ್ನು ತೋರಿಸಿ ಇವಳ್ಯಾರು ಅಂದರೂ ಸುಮಾರು. ಗುಬ್ಬಿಗೆ ಅವಮಾನವಾಗಿ, ಪರೀಕ್ಷೆಯಲ್ಲಿ ನನಗೆ ಅದಕ್ಕಿಂತ ಜಾಸ್ತಿ ಬಂದಿದೆ ಅಜ್ಜಿ ಅಂದಳು. ಅಜ್ಜಿಯ ಅರ್ಧ ಮುಖ ನಕ್ಕಿತು. ಮಾತಿನ ಟೀಚರ್ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಇಂಥ ಸ್ಟ್ರೋಕ್ ಆದ ಕೆಲವರಿಗೆ ಹೀಗೆ ಒಂದು ಮಾತು ಮಾತ್ರ ಉಳಿದುಬಿಡುತ್ತದಂತೆ. ನಾವು ಹೇಳುವುದು ಅವರಿಗೆ ಬಹುಮಟ್ಟಿಗೆ ಅರ್ಥವಾಗುತ್ತದೆ, ಅವರ ಮನಸ್ಸಿನಲ್ಲಿ ಉತ್ತರವೂ ಇರುತ್ತದೆ, ಆದರೆ ಬಾಯಿಯ ಬಾಗಿಲಿಗೆ ಬಂದು ನಿಲ್ಲುವುದು ಅದೊಂದೇ. ಹಾಗಾದರೆ ತಲೆ ಆಡಿಸಲಿ ಎಂದು ನಾನಂದೆ. ತಲೆಯೂ ಹಾಗೇ, ಹೌದಿಗೂ ಇಲ್ಲಕ್ಕೂ ಒಂದೇ ಥರ ಆಡುತ್ತದೆ, ಅದನ್ನು ನಂಬಬೇಡಿ ಅಂದಳು. "ಆ ಮಾತಿಗೆ ನೀವು ಅರ್ಥ ಹುಡುಕೋಕೆ ಹೋಗ್ಬೇಡಿ. ಅವರನ್ನ ನೋಡಿ" ಎಂದು ಎರಡೆರಡು ಸಲ ಹೇಳಿ ಹೋದಳು.

ಅರ್ಥ ಹುಡುಕಬೇಡ ಅಂದರೆ ನಾನು ಬಿಡುವವಳೇ? ಗುಬ್ಬಿಗೆ ನಿಘಂಟು ತೆಗೆಸಿದೆ. ಅದರಲ್ಲಿ ಸುಮಾರು ಅಂದರೆ ಹೆಚ್ಚುಕಡಿಮೆ, ಸಾಧಾರಣ ಎಂದೂ ಇತ್ತು, ಸಾಕಷ್ಟು, ಬಹಳ ಎಂದೂ ಇತ್ತು. ಗುಬ್ಬಿ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಇದೇನಮ್ಮ, ಊಟ ಸುಮಾರು ಅಂದ್ರೆ ಚೆನ್ನಾಗಿಲ್ಲ ಅಂತ, ಸುಮಾರು ಊಟ ಮಾಡಿದೆ ಅಂದ್ರೆ ಹೊಟ್ಟೆ ಬಿರಿಯೋ ಹಾಗೆ ತಿಂದೆ ಅಂತ, ಅಕ್ಕಪಕ್ಕ ಕೂತ ಎರಡು ಪದ ಜಾಗ ಬದಲಾಯಿಸಿದ್ರೆ ಅರ್ಥ ಉಲ್ಟಾ ಆಗುತ್ತಲ್ಲ ಅಂದಳು. ನಾನು ಇಷ್ಟು ವರ್ಷ ಬಾಯಲ್ಲಿ ಆಡಿಕೊಂಡು ಬಂದಿದ್ದರೂ ಇದನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ಇಡೀ ವಾರ ಅದೇ ಗುಂಗು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಒಂದಾದಮೇಲೊಂದು ಗಾಜು ಹಾಕಿ, ಇದರಲ್ಲಿ ಚೆನ್ನಾಗಿ ಕಾಣುತ್ತದೋ ಇದರಲ್ಲೋ ಎಂದು ಕೇಳುತ್ತೇನಲ್ಲ, ಅರ್ಧಕ್ಕರ್ಧ ಜನ "ಎರಡೂ ಸುಮಾರು" ಅನ್ನುತ್ತಾರೆ. ಮೊದಲೆಲ್ಲ ಕೇಳಿಸಿಕೊಂಡು ಮುಂದಿನ ಗಾಜು ಹಾಕುತ್ತಿದ್ದೆ. ಈಗ ನಿಲ್ಲಿಸಿ, ಸುಮಾರು ಅಂದ್ರೆ ಮಬ್ಬಾ, ಅಥವಾ ಪರವಾಗಿಲ್ವಾ ಎಂದು ಕೇಳತೊಡಗಿದೆ. ಒಬ್ಬರು ಮಬ್ಬು ಅಂದರೆ ಇನ್ನೊಬ್ಬರು ಓದೋಕಾಗುತ್ತೆ ಅನ್ನುತ್ತಾರೆ. ಒಬ್ಬ ಹಿರಿಯರು, ನಿನಗೆ ಬೇಜಾರಾಗ್ಬಾರ್ದು ಅಂತ ಹಾಗಂದೆ ಕಣಮ್ಮ ಅಂದರು. ಅಂಗಡಿಯ ಯಜಮಾನರು ಮಾತ್ರ ಗಿರಾಕಿಗಳು ಇಷ್ಟು ಹೊತ್ತು ಕೂರುವುದು ಯಾಕೆ ಎಂದು ತಿಳಿಯದೆ ಇಣುಕಿ ಇಣುಕಿ ನೋಡುತ್ತಿದ್ದರು.

ಮನೆಯಲ್ಲಿ ನಾನು ಅತ್ತೆಯ ಸುಮಾರುಗಳ ಪಂಡಿತೆಯಾಗಿಬಿಟ್ಟೆ. ಎಳೆದು ಅಂದರೆ ಒಂದು, ಕತ್ತರಿಸಿ ಅಂದರೆ ಇನ್ನೊಂದು, ಕೊನೆಯಲ್ಲಿ ದನಿ ಏರಿಸಿದರೆ ಮತ್ತೊಂದು. ಒಂದು ಸಲ ಎಳೆದು ಅಂದಾಗ ದಿಂಬು ಸರಿಮಾಡಿದೆ, ಅವರ ಮುಖ ಅರಳಿತು. ಗೆದ್ದೆ ಎಂದು ಬೀಗಿದೆ. ಮರುದಿನ ಅದೇ ಎಳೆತಕ್ಕೆ ದಿಂಬು ಮುಟ್ಟಿದರೆ ಎಡಗೈಯಿಂದ ನನ್ನ ಕೈ ಕೊಡವಿದರು. ಅವತ್ತು ಕಿಟಕಿ ತೆರೆಯಬೇಕಿತ್ತು. ಆದರೂ ನನ್ನ ಜಂಬ ಇಳಿಯಲಿಲ್ಲ. ಬಂದವರಿಗೆಲ್ಲ, ಅವರು ಹೇಳಿದ್ದು ನನಗೆ ತಿಳಿಯುತ್ತೆ ಎಂದು ದುಭಾಷಿಯ ಹಾಗೆ ನಡುವೆ ನಿಂತು ಹೇಳುತ್ತಿದ್ದೆ. ಒಳ್ಳೆಯ ದಿನಗಳೇ ಅವು. ಮಾತು ಇದ್ದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಅಷ್ಟು ಹೊತ್ತು ನೋಡಿದ್ದೇ ಇಲ್ಲ.

ಇಷ್ಟರಲ್ಲಿ ನಿಮ್ಮ ತಂಗಿ ಬರಲು ಶುರುಮಾಡಿದಳು. ಅವಳ ಮೇಲೆ ದೂರು ಎಂದು ಓದಬೇಡಿ. ಪ್ರತಿ ಭಾನುವಾರ ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದು, ಅಮ್ಮನ ತಲೆ ಬಾಚಿ, ಉಗುರು ಕತ್ತರಿಸಿ ಹೋಗುವವಳು. ಅವಳ ವಾದ ಸರಿಯಾಗಿಯೇ ಇತ್ತು. ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಮ್ಮನಿಗೆ ಬೀದಿ ಅಂದರೆ ಕಿಟಕಿಯಿಂದ ಕಾಣುವ ಎದುರು ಮನೆಯ ಗೋಡೆ ಮತ್ತು ಒಂದು ದೀಪದ ಕಂಬ, ಅಷ್ಟೆ. ನಾನು ಅಂಗಡಿಗೆ ಹೋದಾಗ ನೋಡಿಕೊಳ್ಳಲು ಕೆಳಗಿನ ಮನೆಯ ಹೆಂಗಸು ಬಂದು ಕೂರುತ್ತಾಳೆ, ಕೂತಲ್ಲೇ ತೂಕಡಿಸುತ್ತಾಳೆ. ನಿಮ್ಮ ತಂಗಿಯ ಮನೆ ನೆಲದ ಮಟ್ಟದಲ್ಲಿದೆ, ಎದುರಿಗೆ ಪಾರ್ಕಿದೆ, ಅವಳ ಹೊಲಿಗೆ ಯಂತ್ರವೂ ಮನೆಯಲ್ಲೇ. ಅಮ್ಮ ನನ್ನ ಮನೆಗೆ ಬರಲಿ ಎಂದಳು. ನನಗೆ ಒಳಗೊಳಗೇ ಕಸಿವಿಸಿ. ಯಾಕೆ ಎಂದು ಸರಿಯಾಗಿ ಹೇಳಲು ಬರಲಿಲ್ಲ. ನನ್ನ ಸೂಪ್‌ಗೆ ಸುಮಾರು ಅನ್ನುವವರು ಹೋಗಿಬಿಟ್ಟರೆ ಅಡುಗೆಮನೆಯಲ್ಲಿ ಏನು ಮಾಡಲಿ ಎಂದು ನಿಮ್ಮ ತಂಗಿಯ ಮುಂದೆ ಹೇಳಲಾದೀತೇ? ಅಮ್ಮನನ್ನೇ ಕೇಳೋಣ ಅಂದೆ.

ಕೇಳಿದೆವು. ಅವಳು ಮಂಚದ ಈ ಕಡೆ ಕೂತು, ಅಮ್ಮ, ನನ್ ಜೊತೆ ಬರ್ತೀಯಾ ಅಂದಳು. ಸುಮಾರು ಎಂದು ಬಂತು. ಅವಳ ಕಣ್ಣು ತುಂಬಿತು, ನೋಡಿದ್ಯಾ ಅತ್ತಿಗೆ, ಒಪ್ಕೊಂಡ್ಳು ಅಂದಳು. ನಾನು ಆ ಕಡೆ ಕೂತು, ಅತ್ತೆ, ಇಲ್ಲೇ ಇರ್ತೀರಾ ಅಂದೆ. ಅದೇ ಎಳೆತ, ಅದೇ ದನಿ, ಸುಮಾರು. ನಾನು ಅದನ್ನು ಒಪ್ಪಿಗೆ ಎಂದು ಹಿಡಿದೆ. ಅವಳಿಗೆ ಬಂದದ್ದು ಒಪ್ಪಿಗೆ ಅಲ್ಲ, ನನಗೆ ಬಂದದ್ದು ಹೌದು ಎಂದು ವಾದಿಸಿದೆ. ಈ ದನಿ ನನಗೆ ಗೊತ್ತು ಅಂದೆ. ನಾನು ಹುಟ್ಟಿದಾಗಿಂದ ಕೇಳಿದೀನಿ ಅಂದಳು. ದನಿ ಏರಿಸಲಿಲ್ಲ, ಒಬ್ಬರಿಗೊಬ್ಬರು ಕಾಫಿ ಕೂಡ ಬಗ್ಗಿಸಿಕೊಟ್ಟೆವು, ಆದರೆ ಕಪ್ ಕೆಳಗಿಡುವ ಸದ್ದು ಇಬ್ಬರದೂ ಸ್ವಲ್ಪ ಜೋರಾಗಿತ್ತು. ಹೀಗೆ ಎರಡು ಮೂರು ಭಾನುವಾರ ನಡೆಯಿತು. ಅತ್ತೆ ನಮ್ಮಿಬ್ಬರ ನಡುವೆ ಮಲಗಿಕೊಂಡು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಕೊನೆಕೊನೆಗೆ ಸುಮಾರು ಅನ್ನುವುದನ್ನೂ ಬಿಟ್ಟು ಕಣ್ಣು ಮುಚ್ಚಿಕೊಳ್ಳತೊಡಗಿದರು. ಟೀಚರ್ ಬಂದಾಗ ಪಾಠಕ್ಕೂ ಬಾಯಿ ತೆರೆಯಲಿಲ್ಲ. ಇದ್ದ ಒಂದು ಮಾತನ್ನೂ ಇವರಿಬ್ಬರೂ ಸೇರಿ ಕಸಿದುಕೊಂಡರು ಅನ್ನುವ ಹಾಗಿತ್ತು ಅವರ ಮುಖ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಟೀಚರಿಗೆ ಎಲ್ಲ ಹೇಳಿದೆವು. ಅವಳು ಬೈಯಲಿಲ್ಲ. ಮುಂದಿನ ಭಾನುವಾರ ರಜೆಯಾದರೂ ತಾನೇ ಬರುವುದಾಗಿ ಹೇಳಿ, ಮಾತಿನಲ್ಲಿ ಕೇಳಬೇಡಿ, ವಸ್ತು ಇಟ್ಟು ಕೇಳಿ, ಎಡಗೈ ಚೆನ್ನಾಗಿದೆಯಲ್ಲ, ಅದು ಹೇಳುತ್ತದೆ ಅಂದಳು. ಅದು ನನಗೆ ಹಿಡಿಸಿತು. ಅಂಗಡಿಯಲ್ಲಿ ನಾನು ಮಾಡುವುದೂ ಅದೇ ತಾನೆ, ಇದೋ ಅದೋ, ಆರಿಸಿಕೊಳ್ಳಿ. ಆ ಭಾನುವಾರ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೇಜಿನ ಮುಂದೆ ತಂದೆವು. ಈ ಮನೆಗೆ ಗುರುತಾಗಿ ಅವರು ದಿನಾ ಕಾಫಿ ಕುಡಿಯುವ, ಹಿಡಿ ವಾಲಿದ ಕಪ್ ಇಟ್ಟೆ. ನಿಮ್ಮ ತಂಗಿ ತನ್ನ ಮನೆಯ ಬೀಗದ ಕೈ ಇಟ್ಟಳು. ಟೀಚರ್ ನಿಧಾನವಾಗಿ, ಬಿಡಿಸಿ ಬಿಡಿಸಿ, ಇದು ಸೊಸೆ ಮನೆ, ಇದು ಮಗಳ ಮನೆ, ನಿಮಗೆ ಎಲ್ಲಿ ಇರಬೇಕು ಅನ್ನಿಸುತ್ತೋ ಅದನ್ನ ಹತ್ತಿರ ಎಳ್ಕೊಳ್ಳಿ ಅಂದಳು. ನಾನು ಕಪ್ಪನ್ನು ಬೆರಳಷ್ಟು ಮುಂದಕ್ಕೆ ತಳ್ಳಿಟ್ಟಿದ್ದೆ, ಅದನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಅತ್ತೆ ಎರಡನ್ನೂ ನೋಡಿದರು. ಎಡಗೈ ಚಾಚಿ ಕಪ್ಪನ್ನು ನನ್ನ ಕಡೆಗೆ ಮೆಲ್ಲಗೆ ತಳ್ಳಿದರು. ನಿಮ್ಮ ತಂಗಿ ಉಸಿರು ಬಿಟ್ಟು ಮುಂದೆ ಬಾಗುವಷ್ಟರಲ್ಲಿ ಬೀಗದ ಕೈಯನ್ನೂ ಅವಳ ಕಡೆಗೆ ತಳ್ಳಿಬಿಟ್ಟರು. ಮೇಜು ಖಾಲಿ. ಅರ್ಥವಾಗಲಿಲ್ಲವೇನೋ ಎಂದು ಟೀಚರ್ ಮತ್ತೊಮ್ಮೆ ಎರಡನ್ನೂ ಇಟ್ಟು ಕೇಳಿದಳು. ಮತ್ತೆ ಎರಡೂ ವಾಪಸ್. ಆಮೇಲೆ ಅತ್ತೆ ಆ ಕಡೆ ವಾಲಿ, ಪಕ್ಕದ ಕುರ್ಚಿಯ ಮೇಲಿದ್ದ ಟೀಚರಿನ ನೀಲಿ ಚೀಲದ ಪಟ್ಟಿಯನ್ನು ಹಿಡಿದುಕೊಂಡರು. ಬೀಳುತ್ತಾರೆ ಎಂದು ನಾನು ಹಿಡಿಯಲು ಹೋದೆ, ಬೇಕಾಗಿರಲಿಲ್ಲ. ಚೀಲವನ್ನು ದರದರನೆ ತಮ್ಮ ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ಕೈಯಿಟ್ಟು, ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ ಅಂದರು, "ಸುಮಾರು."

ಅದು ಅರ್ಥವಾದದ್ದು ಟೀಚರಿಗೆ ಮಾತ್ರ. ಪಾಪ, ಅವಳ ಮುಖ ಕೆಂಪಾಯಿತು. ತಿಂಗಳ ಹಿಂದೆ ಅವಳು ಅತ್ತೆಯ ಹತ್ತಿರ ಮಾತಾಡುತ್ತಾ, ನಮ್ಮ ಕೇಂದ್ರದಲ್ಲೇ ಕೆಲವು ತಿಂಗಳು ಉಳಿದುಕೊಂಡು ಕಲಿಯುವವರೂ ಇದ್ದಾರೆ, ಬೆಳಿಗ್ಗೆ ನಡೆಯುವ ಅಭ್ಯಾಸ, ಮಧ್ಯಾಹ್ನ ಮಾತಿನ ಅಭ್ಯಾಸ, ನೀವೂ ಬರ್ತೀರಾ ಎಂದು ಕೇಳಿದ್ದಳಂತೆ. "ಸುಮಾರು ಅಂದ್ರು. ಬೇಡ ಅಂತಾನೇ ನಾನೂ ಅಂದ್ಕೊಂಡೆ. ಮನೆಯವರು ಇಷ್ಟು ಚೆನ್ನಾಗಿ ನೋಡ್ಕೊಳ್ತಾ ಇದಾರೆ, ಯಾಕೆ ಬರ್ತಾರೆ ಅಂತ ನಿಮ್ಮತ್ರ ಹೇಳ್ಲೂ ಇಲ್ಲ." ಅರ್ಥ ಹುಡುಕಬೇಡಿ ಎಂದು ನಮಗೆ ಹೇಳಿದವಳು ತಾನೇ ಅರ್ಥ ಹಚ್ಚಿಬಿಟ್ಟೆ ಎಂದು ನಕ್ಕಳು. ಆದರೂ ಖಾತ್ರಿಯಾಗಬೇಕಲ್ಲ. ಚೀಲದ ಬಣ್ಣ ಚೆನ್ನಾಗಿದೆ ಎಂದು ಎಳೆದುಕೊಂಡಿದ್ದರೆ? ಟೀಚರ್ ಅತ್ತೆಯ ಮುಂದೆ ಮಂಡಿಯೂರಿ ಕೂತು, ನಮ್ಮ ಕೇಂದ್ರಕ್ಕೆ ಬಂದು ಇದ್ದು ಕಲೀತೀರಾ ಅಂತ ಕೇಳ್ತಾ ಇದೀನಿ, ಮಗಳು ಸೊಸೆ ಇಬ್ಬರೂ ಜೊತೆಗಿರಲ್ಲ, ನೋಡೋಕೆ ಬರ್ತಾರೆ ಅಷ್ಟೆ ಅಂದಳು. ಅತ್ತೆ ಎಡಗಾಲನ್ನು ಎತ್ತಿ ಮುಂದೆ ಚಾಚಿದರು. ನಮಗೆ ತಿಳಿಯಲಿಲ್ಲ. ಬಾಗಿಲ ಬಳಿ ನಿಂತು ಎಲ್ಲ ನೋಡುತ್ತಿದ್ದ ಗುಬ್ಬಿ ಮಾತ್ರ, ಅಜ್ಜಿ ಚಪ್ಪಲಿ ಕೇಳ್ತಿದಾಳೆ ಅಂದಳು. ಮಂಚದ ಕೆಳಗಿನಿಂದ ಚಪ್ಪಲಿ ತಂದು ಆ ಕಾಲಿಗೆ ಹಾಕಿದೆ. ಆಮೇಲೆ ಅವರು ಎಡಗೈಯಿಂದಲೇ ಬಲಗಾಲನ್ನು ತೋರಿಸಿದರು.

ನಾನೂ ನಿಮ್ಮ ತಂಗಿಯೂ ಅಡುಗೆಮನೆಗೆ ಹೋದೆವು. ಅಂಗಡಿಯಲ್ಲಿ ಗಿರಾಕಿಗೆ ಎರಡೂ ಗಾಜು ಹಿಡಿಸದಿದ್ದರೆ ಮೂರನೆಯದು ಹಾಕಬೇಕು ಎಂದು ಗೊತ್ತಿದ್ದವಳು, ಮನೆಯಲ್ಲಿ ಮೂರನೆಯದೊಂದು ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ. ನನ್ನ ಮನೆಯೋ ಅವಳ ಮನೆಯೋ ಅಂತಲೇ ಇಬ್ಬರೂ ತಲೆ ಬಿಸಿ ಮಾಡಿಕೊಂಡಿದ್ದೆವು. ಅತ್ತೆಗೆ ಬೇಕಾಗಿದ್ದದ್ದು ಯಾರ ಮನೆಯೂ ಅಲ್ಲ, ಮಾತು. ನಿಮ್ಮ ತಂಗಿ, ನಮ್ಮಿಬ್ಬರನ್ನೂ ಮಧ್ಯದ ಬುಟ್ಟಿಗೆ ಹಾಕಿಬಿಟ್ಟಳಲ್ಲ ಅತ್ತಿಗೆ ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತಮೇಲೆ ಅವಳು ಸಿಂಕಿನ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ನೀರಿನ ಸದ್ದಿನಲ್ಲೇ ಹೇಳಿದಳು, ಚಿಕ್ಕವಳಿದ್ದಾಗ ಅಮ್ಮ ಯಾವಾಗಲೂ ಕಾರ್ಖಾನೆಯಲ್ಲಿ, ಈಗಲಾದರೂ ನನ್ನವಳಾಗಿ ಇರುತ್ತಾಳೆ ಅಂದುಕೊಂಡಿದ್ದೆ ಎಂದು. ನಾನು ಟವೆಲ್ ಕೊಟ್ಟೆ. ಅವತ್ತು ಅವಳು ಕಡೇ ಬಸ್ಸಿಗೆ ಹೋಗಲಿಲ್ಲ, ಇಲ್ಲೇ ಉಳಿದಳು.

ನಿಮ್ಮನ್ನು ಕೇಳದೆ ಇಷ್ಟು ದೊಡ್ಡ ತೀರ್ಮಾನ ಮಾಡಿದೆವು ಎಂದು ನಿಮಗೆ ಬೇಸರವಾಗಬಹುದು. ಫೋನಿಗೆ ನೀವು ಸಿಗಲಿಲ್ಲ, ಕೇಂದ್ರದಲ್ಲಿದ್ದ ಜಾಗ ಬೇರೆಯವರಿಗೆ ಹೋಗುವುದರಲ್ಲಿತ್ತು. ಸಿಕ್ಕಿದ್ದರೂ ನಿಮ್ಮನ್ನು ಏನೆಂದು ಕೇಳುತ್ತಿದ್ದೆ ಹೇಳಿ? ಅವರನ್ನು ಕೇಳಿ ಆಗಿತ್ತಲ್ಲ. ಆ ವಾರವೇ ಕೇಂದ್ರದ ವ್ಯಾನು ಬಂತು. ಇಬ್ಬರು ಗಟ್ಟಿಮುಟ್ಟಾದ ಆಳುಗಳು ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದರು. ಪ್ರತಿ ತಿರುವಿನಲ್ಲೂ ಅತ್ತೆ ಗೋಡೆಯ ಸುಣ್ಣ, ಬೇರೆ ಮನೆಗಳ ಬಾಗಿಲು, ಕೆಳಗಿನವರ ಹೂಕುಂಡ ಎಲ್ಲವನ್ನೂ ಕಣ್ಣಗಲಿಸಿ ನೋಡುತ್ತಾ, ಒಂದೊಂದಕ್ಕೂ ಸಣ್ಣ ದನಿಯಲ್ಲಿ ಸುಮಾರು, ಸುಮಾರು ಅನ್ನುತ್ತಿದ್ದರು. ಹೊತ್ತವರಲ್ಲಿ ಒಬ್ಬ, ನಾವು ಹೊರೋದು ಅಷ್ಟು ಕೆಟ್ಟದಾಗಿದ್ಯಾ ಅಜ್ಜಿ ಅಂದ. ಬೀದಿಗೆ ಬಂದಾಗ ಬಿಸಿಲು ಮುಖಕ್ಕೆ ಬಿತ್ತು. ಒಂದು ನಿಮಿಷ ನಿಲ್ಲಿಸಿ ಎಂದು ನಾನೇ ಕೇಳಿಕೊಂಡೆ.

ಈಗ ಅವರು ಅಲ್ಲಿದ್ದಾರೆ. ಉದ್ದನೆಯ ಕೋಣೆ, ಎಂಟು ಹತ್ತು ಮಂಚ, ದೊಡ್ಡ ಕಿಟಕಿ. ಪಕ್ಕದ ಮಂಚದ ಹೆಂಗಸಿಗೆ ಮಾತೆಲ್ಲ ಇದೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲದೆ ಹೊಳೆಯ ಹಾಗೆ ಹರಿಯುತ್ತದೆ. ಅವರು ಹರಿಸುವುದು, ನಮ್ಮವರು ನಡುನಡುವೆ ಸುಮಾರು ಅನ್ನುವುದು, ಇಬ್ಬರಿಗೂ ಭಾರೀ ಸ್ನೇಹ. ಬೆಳಿಗ್ಗೆ ಎರಡು ಕಂಬಿಗಳ ನಡುವೆ ನಿಲ್ಲಿಸಿ ನಡೆಸುತ್ತಾರೆ. ಬಲಗಾಲು ಎಳೆಯುತ್ತದೆ, ಆದರೆ ನೆಲ ಮುಟ್ಟುತ್ತದೆ. ಅಂಗಡಿ ಮುಗಿಸಿ ದಿನಾ ಹೋಗಿ ಬರುತ್ತೇನೆ. ಭಾನುವಾರ ನಿಮ್ಮ ತಂಗಿ ನೇರ ಅಲ್ಲಿಗೇ ಬರುತ್ತಾಳೆ. ಮನೆಯಲ್ಲಿ ಅಡುಗೆ ಮಾಡಿದರೆ ಗುಬ್ಬಿ ಚೆನ್ನಾಗಿದೆ ಅನ್ನುತ್ತಾಳೆ. ನಂಬಿಕೆಯೇ ಬರುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ಒಬ್ಬಳು ಚತುರೆ ಮೂರು ಗಾಜಿಗೂ ತಪ್ಪು ಹುಡುಕಿ ಚೌಕಾಸಿ ಮಾಡಿ ಹೋದಮೇಲೆ ಯಜಮಾನರು, ಇವಳೇನು ಸುಮಾರಿನವಳಲ್ಲ ಅಂದರು. ಆ ಮಾತಿಗೆ ಇದೂ ಒಂದು ಅರ್ಥ ಇದೆಯಲ್ಲ ಎಂದು ಹೊಳೆದು, ನಾನು ಒಬ್ಬಳೇ ನಕ್ಕೆ. ನಿಘಂಟಿನಲ್ಲಿ ಇದಿತ್ತೋ ಇಲ್ಲವೋ ನೋಡಬೇಕು.

ಬರೆಯುತ್ತಾ ಹೋದರೆ ಕಾಗದ ಸಾಲುವುದಿಲ್ಲ. ಮೈ ನೋಡಿಕೊಳ್ಳಿ, ಗಾಳಿಗೆ ಒಡ್ಡಿಕೊಂಡು ಮಲಗಬೇಡಿ. ಗುಬ್ಬಿ ತನ್ನ ಪಾಲಿನ ಮುತ್ತುಗಳನ್ನು ಈ ಪುಟದ ಮೂಲೆಗೆ ಒತ್ತಿದ್ದಾಳೆ, ಆ ಎಣ್ಣೆಯ ಗುರುತು ಅದೇ. ಕಡಲು ನಿಮ್ಮನ್ನು ಅಲುಗಾಡಿಸದೆ ಕಳಿಸಿಕೊಡಲಿ. ದಾರಿ ನೋಡುತ್ತಿರುತ್ತೇನೆ.

ನಿಮ್ಮವಳು,
ಗುಬ್ಬಿಯ ಅಮ್ಮ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಇವತ್ತು ಸೋಮವಾರ, ಕೇಂದ್ರದಿಂದ ಈಗಷ್ಟೇ ಬಂದೆ. ಅತ್ತೆಗೆ ಎರಡನೆಯ ಮಾತು ಬಂದಿದೆ. ಮಧ್ಯಾಹ್ನ ಬಡಿಸುವವಳು ಎರಡನೇ ಸಲ ಸೂಪ್ ಹಾಕಲು ಬಂದಾಗ ಬಟ್ಟಲಿಗೆ ಕೈ ಅಡ್ಡ ಹಿಡಿದು "ಬೇಡ" ಅಂದರಂತೆ. ಟೀಚರ್ ಓಡಿಬಂದು ಕ್ಷೌರದ ಬ್ರಷ್, ಚಳಿಗಾಲದ ಟೊಪ್ಪಿ, ಏನೇನೋ ಮುಂದೆ ಹಿಡಿದು ಪರೀಕ್ಷೆ ಮಾಡಿದಳಂತೆ. ಬೇಡವಾದದ್ದಕ್ಕೆ ಮಾತ್ರ ಬೇಡ. ಅಂದರೆ ಎಷ್ಟೋ ದಿನಗಳ ಮೇಲೆ ಅವರ ಬಾಯಲ್ಲಿ ಒಂದು ಮಾತಿಗೆ ಒಂದೇ ಅರ್ಥ. ನನಗೆ ನಂಬಿಕೆಯಾಗದೆ, ಹೋದವಳೇ ಮಂಚದ ಪಕ್ಕ ಕೂತು, ಅತ್ತೆ, ಮನೆಗೆ ಹೋಗೋಣ್ವಾ ಅಂದೆ. ನನ್ನ ಮುಖ ನೋಡಿಕೊಂಡೇ "ಬೇಡ" ಅಂದರು. ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಸಾವರಿಸಿಕೊಂಡು, ನಾನು ದಿನಾ ಬರ್ಲಾ ಎಂದು ಕೇಳಿದೆ. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಬೇಡ ಅಂತಲೇ ಅನ್ನುತ್ತಾರೆ ಅಂದುಕೊಂಡೆ ಕಣ್ರೀ. ಬೇಡ ಅನ್ನಲು ಬರುವವರು, ಸುಮಾರು ಅಂದರು.